ಸ್ಯಾಟ್‌ನಲ್ಲಿ 1550 ಬಂದರೂ ಸೀಟು ಏಕೆ ಸಿಗುವುದಿಲ್ಲ? ಅಮೆರಿಕದ ಕಾಲೇಜುಗಳು ಅಂಕವನ್ನೂ ಆಸಕ್ತಿಯನ್ನೂ ತೂಗುವ ಬಗೆ

2020ರಲ್ಲಿ ಕೋವಿಡ್‌ನಿಂದಾಗಿ ಪರೀಕ್ಷಾ ಕೇಂದ್ರಗಳು ಮುಚ್ಚಿದಾಗ ಅಮೆರಿಕದ ಬಹುಪಾಲು ಕಾಲೇಜುಗಳು ಸ್ಯಾಟ್ (ಅಲ್ಲಿನ ಕಾಲೇಜು ಪ್ರವೇಶಕ್ಕೆ ಬರೆಯುವ, ಒಟ್ಟು 1600 ಅಂಕದ ಪರೀಕ್ಷೆ) ಅಂಕ ಕಳಿಸಿದರೂ ಸರಿ, ಬಿಟ್ಟರೂ ಸರಿ ಎಂದುಬಿಟ್ಟವು. ಒಂದೆರಡು ವರ್ಷಕ್ಕೆಂದು ಮಾಡಿಕೊಂಡ ಈ ಏರ್ಪಾಡು ಹಾಗೇ ಮುಂದುವರಿಯಿತು. ಈಗ ಗಾಳಿ ತಿರುಗಿದೆ. 2022ರ ಮಾರ್ಚ್‌ನಲ್ಲಿ ಎಂಐಟಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2024ರ ಫೆಬ್ರವರಿಯಲ್ಲಿ ಡಾರ್ಟ್ಮತ್ ಮತ್ತು ಯೇಲ್, ಅದರ ಬೆನ್ನಿಗೇ ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಅದೇ ದಾರಿ ಹಿಡಿದವು. ಸ್ಟ್ಯಾನ್‌ಫರ್ಡ್, ಕಾರ್ನೆಲ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಗಳೂ ಸೇರಿಕೊಂಡವು. ಪ್ರಿನ್ಸ್‌ಟನ್ 2027-28ರ ಪ್ರವೇಶ ಸುತ್ತಿನಿಂದ ಅಂಕ ಕೇಳುವುದಾಗಿ ಹೇಳಿದೆ. ಎಲ್ಲರೂ ಒಂದೇ ದಿಕ್ಕಿಗೆ ನಡೆದರು ಎಂದೂ ಅಲ್ಲ: ಕೊಲಂಬಿಯಾ 2023ರಲ್ಲಿ ಪರೀಕ್ಷೆಯನ್ನು ಕಾಲಮಿತಿಯಿಲ್ಲದೆ ಐಚ್ಛಿಕಗೊಳಿಸಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವಂತೂ (ಬರ್ಕ್ಲಿ, ಲಾಸ್ ಏಂಜಲೀಸ್ ಮುಂತಾದ ಅದರ ಎಲ್ಲ ಕ್ಯಾಂಪಸ್‌ಗಳು) ಅಂಕ ಕಳಿಸಿದರೂ ಪ್ರವೇಶ ತೀರ್ಮಾನಕ್ಕೆ ಅದನ್ನು ನೋಡುವುದಿಲ್ಲ.

ಹೀಗಾಗಿ ಮೊದಲ ಪಿಯುಸಿ ಓದುವ ಮಕ್ಕಳಿರುವ ಬೆಂಗಳೂರು, ಮೈಸೂರಿನ ಮನೆಗಳಲ್ಲೂ, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಕನ್ನಡದ ಮನೆಗಳಲ್ಲೂ ಹಳೆಯ ಪ್ರಶ್ನೆ ಮತ್ತೆ ಎದ್ದಿದೆ: ಎಷ್ಟು ಅಂಕ ಬಂದರೆ ಸಾಕು? ಅದರ ಹಿಂದೆಯೇ ಒಂದು ಅಂತೆಕಂತೆ. ಕಾಲೇಜಿನ ಮೇಲೆ ಆಸಕ್ತಿ ಇದೆ ಎಂದು ತೋರಿಸಿಕೊಳ್ಳಬೇಕಂತೆ, ಅವರು ಕಳಿಸಿದ ಇ-ಮೇಲ್ ತೆರೆಯದಿದ್ದರೆ ಗುರುತು ಹಾಕಿಕೊಳ್ಳುತ್ತಾರಂತೆ. ಎರಡರಲ್ಲೂ ನಿಜವಿದೆ, ಆದರೆ ಜನ ಅಂದುಕೊಂಡಿರುವ ರೀತಿಯಲ್ಲಿ ಅಲ್ಲ.

ರ್‍ಯಾಂಕ್ ಪಟ್ಟಿ ಇಲ್ಲದ ಆಯ್ಕೆ

ನಮ್ಮ ಗೊಂದಲದ ಬೇರು ನಮ್ಮ ಅಭ್ಯಾಸದಲ್ಲಿದೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ಸೀಟಿಗೆ ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಅರ್ಧ, ಸಿಇಟಿ ಅಂಕಕ್ಕೆ ಅರ್ಧ ತೂಕ ಕೊಟ್ಟು ಒಂದು ರ್‍ಯಾಂಕ್ ಪಟ್ಟಿ ಮಾಡುತ್ತಾರೆ. ಮೀಸಲಾತಿಯ ನಿಯಮಗಳನ್ನು ಹೊಂದಿಸಿ, ವಿದ್ಯಾರ್ಥಿ ತುಂಬಿದ ಆಯ್ಕೆಗಳ ಕ್ರಮ ನೋಡಿ ಕಂಪ್ಯೂಟರ್ ಸೀಟು ಹಂಚುತ್ತದೆ. ಒಂದೇ ವರ್ಗದಲ್ಲಿ 900ನೇ ರ್‍ಯಾಂಕಿನವನಿಗೆ ಸಿಗದ ಸೀಟು 1,200ನೇ ರ್‍ಯಾಂಕಿನವನಿಗೆ ಸಿಕ್ಕರೆ ಕೋರ್ಟಿಗೆ ಹೋಗಬಹುದು. ಅಂಕ ಎಂದರೆ ಏಣಿ, ಮೇಲಿದ್ದವರಿಗೆ ಮೊದಲು.

ಅಮೆರಿಕದಲ್ಲಿ ಆ ಏಣಿ ಇಲ್ಲ. ಅಲ್ಲಿನ ಹೆಚ್ಚಿನ ಕಾಲೇಜುಗಳು ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ಸೇರಿಸಿಕೊಳ್ಳುತ್ತವೆ, ಅಲ್ಲಿ ಈ ತಲೆನೋವೇ ಹುಟ್ಟುವುದಿಲ್ಲ. ತಲೆನೋವು ಇರುವುದು ಬಹಳ ಜನರನ್ನು ತಿರಸ್ಕರಿಸುವ ಕೆಲವು ಕಾಲೇಜುಗಳಲ್ಲಿ. 2024ರಲ್ಲಿ ಸೇರಿದ ತಂಡಕ್ಕೆ ಹಾರ್ವರ್ಡ್‌ಗೆ ಬಂದ ಅರ್ಜಿಗಳು ಸುಮಾರು 54 ಸಾವಿರ, ಕರೆ ಹೋದದ್ದು ಸುಮಾರು 1,940 ಜನರಿಗೆ. ನೂರರಲ್ಲಿ ನಾಲ್ವರೂ ಇಲ್ಲ. ಅರ್ಜಿ ಹಾಕಿದವರಲ್ಲಿ ಓದಿನಲ್ಲಿ ಮುಂದಿರುವವರೇ ಸಾವಿರಾರು ಜನ ಇರುವಾಗ ಅಂಕ ನೋಡಿ ಅವರನ್ನು ಬೇರ್ಪಡಿಸಲು ಆಗುವುದಿಲ್ಲ.

ಹಾಗಾಗಿ ಮನುಷ್ಯರೇ ಕೂತು ಕಡತ ಓದುತ್ತಾರೆ. ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗಿನ ಅಂಕಪಟ್ಟಿ, ಆ ಶಾಲೆಯಲ್ಲಿ ಸಿಗುತ್ತಿದ್ದ ವಿಷಯಗಳಲ್ಲಿ ಎಷ್ಟು ಕಷ್ಟದವನ್ನು ಆರಿಸಿಕೊಂಡ, ಶಿಕ್ಷಕರ ಪತ್ರಗಳು, ಪ್ರಬಂಧಗಳು, ಶಾಲೆಯ ಹೊರಗಿನ ಕೆಲಸ, ಮನೆಯ ಪರಿಸ್ಥಿತಿ, ಪರೀಕ್ಷೆಯ ಅಂಕ. ಇದಕ್ಕೆ ಸಮಗ್ರ ಪರಿಶೀಲನೆ ಎನ್ನುತ್ತಾರೆ. ಓದುವವರ ತಲೆಯಲ್ಲಿ ಸ್ಥೂಲವಾಗಿ ಮೂರು ಪ್ರಶ್ನೆಗಳಿರುತ್ತವೆ. ಈ ಹುಡುಗಿ ಇಲ್ಲಿನ ಓದಿನ ಭಾರ ಹೊರಬಲ್ಲಳೇ? ಇವಳು ಬಂದರೆ ಕಾಲೇಜಿಗೆ ಏನು ಬರುತ್ತದೆ? ಕರೆದರೆ ಬರುತ್ತಾಳೆಯೇ? ಪರೀಕ್ಷೆಯ ಅಂಕ ಉತ್ತರಿಸುವುದು ಮೊದಲನೆಯ ಪ್ರಶ್ನೆಗೆ. ತೋರಿಸಿದ ಆಸಕ್ತಿ ಉತ್ತರಿಸುವುದು ಮೂರನೆಯದಕ್ಕೆ. ನಡುವಿನ ಪ್ರಶ್ನೆಗೆ ಎರಡರಿಂದಲೂ ಉತ್ತರವಿಲ್ಲ, ಮತ್ತು ಅತಿ ಕಠಿಣ ಕಾಲೇಜುಗಳಲ್ಲಿ ತೀರ್ಮಾನ ಆಗುವುದು ಹೆಚ್ಚಾಗಿ ಅಲ್ಲಿಯೇ.

ಸ್ಯಾಟ್ ಎಂದರೆ ಏನು, ಎಷ್ಟು ನಿಖರ

ಸ್ಯಾಟ್ ಮೊದಲು ನಡೆದದ್ದು 1926ರಲ್ಲಿ. ಇಂದಿನದು ಪೂರ್ತಿ ಡಿಜಿಟಲ್. ಓದು-ಬರಹ ಒಂದು ಭಾಗ, ಗಣಿತ ಇನ್ನೊಂದು. ಒಂದೊಂದಕ್ಕೆ 200ರಿಂದ 800, ಒಟ್ಟು 400ರಿಂದ 1600. ಎರಡು ಗಂಟೆ ಹದಿನಾಲ್ಕು ನಿಮಿಷ, 98 ಪ್ರಶ್ನೆ. ಪ್ರತಿ ಭಾಗವನ್ನೂ ಎರಡು ತುಂಡು ಮಾಡಿದ್ದಾರೆ. ಮೊದಲ ತುಂಡಿನಲ್ಲಿ ಚೆನ್ನಾಗಿ ಮಾಡಿದವರಿಗೆ ಎರಡನೆಯದರಲ್ಲಿ ಕಷ್ಟದ ಪ್ರಶ್ನೆಗಳು ಬರುತ್ತವೆ, ಮೇಲಿನ ಅಂಕ ಮುಟ್ಟಲು ಆ ಕಷ್ಟದ ತುಂಡಿಗೆ ಹೋಗಲೇಬೇಕು. ಜೆಇಇ, ನೀಟ್‌ನಲ್ಲಿ ಕಳೆಯುವ ಹಾಗೆ ಇಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಇದರ ಬದಲು 1ರಿಂದ 36ರವರೆಗೆ ಅಂಕ ಕೊಡುವ ಎಸಿಟಿ ಬರೆಯಬಹುದು. ಕಾಲೇಜುಗಳು ಎರಡರಲ್ಲಿ ಭೇದ ಮಾಡುವುದಿಲ್ಲ.

2024ರಲ್ಲಿ ಶಾಲೆ ಮುಗಿಸಿದ ಸುಮಾರು 20 ಲಕ್ಷ ಮಕ್ಕಳು ಸ್ಯಾಟ್ ಬರೆದಿದ್ದರು. ಅವರ ಸರಾಸರಿ 1024. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ 1400 ಬಂದದ್ದಕ್ಕೆ ಅಳುವ ಮಕ್ಕಳಿಗೆ ಸ್ವಲ್ಪ ಸಮಾಧಾನವಾದೀತು.

ಯಾವ ಪರೀಕ್ಷೆಯೂ ತಕ್ಕಡಿಯಷ್ಟು ನಿಖರವಲ್ಲ. ಅದೇ ವಿದ್ಯಾರ್ಥಿ ಮುಂದಿನ ತಿಂಗಳು ಮತ್ತೆ ಬರೆದರೆ ಯಾವ ತಯಾರಿಯೂ ಇಲ್ಲದೆ ಅಂಕ ಕೆಲವು ಹತ್ತುಗಳಷ್ಟು ಮೇಲೆ ಕೆಳಗೆ ಆಗುತ್ತದೆ. ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಕೂಡ ಅಂಕದ ಜೊತೆಗೆ ಈ ಏರಿಳಿತದ ವ್ಯಾಪ್ತಿಯನ್ನು ತೋರಿಸುತ್ತದೆ. 1520ಕ್ಕೂ 1550ಕ್ಕೂ ಕಾಲೇಜಿನವರ ಕಣ್ಣಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದಿರುವುದು ಇದಕ್ಕೇ. ಪ್ರವೇಶದಲ್ಲಿ ಜನಾಂಗವನ್ನು ನೋಡುತ್ತಾರೆಂದು ಹಾರ್ವರ್ಡ್ ವಿರುದ್ಧ ಹೂಡಿದ ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂದಾಗ ಅವರ ಒಳಗಿನ ಪದ್ಧತಿ ಹೊರಬಿತ್ತು. ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ವ್ಯಕ್ತಿತ್ವ ಎಂದು ಬೇರೆಬೇರೆಯಾಗಿ 1ರಿಂದ 6ರವರೆಗೆ ದರ್ಜೆ ಕೊಡುತ್ತಾರೆ, 1 ಅತ್ಯುತ್ತಮ. ಸ್ಯಾಟ್ ಅಂಕ, ಶಾಲೆಯ ಅಂಕ, ಶಿಕ್ಷಕರ ಮಾತು ಎಲ್ಲ ಸೇರಿ ಓದಿನ ದರ್ಜೆ ಆಗುತ್ತದೆ. ಮನೆಯಲ್ಲಿ ಮೂರು ತಿಂಗಳು ಜಗಳವಾಡಿ ಗಳಿಸಿದ ಮೂವತ್ತು ಅಂಕ ಆ ಒಂದು ದರ್ಜೆಯೊಳಗೆ ಸದ್ದಿಲ್ಲದೆ ಕರಗಿಹೋಗಬಹುದು.

ಪರೀಕ್ಷೆಯನ್ನು ಒಂದಕ್ಕಿಂತ ಹೆಚ್ಚು ಸಲ ಬರೆದವರಿಗೆ ಒಂದು ಅನುಕೂಲವಿದೆ. ಮಾರ್ಚ್‌ನಲ್ಲಿ ಓದು-ಬರಹಕ್ಕೆ 700, ಗಣಿತಕ್ಕೆ 760 ಬಂದು, ಆಗಸ್ಟ್‌ನಲ್ಲಿ 740 ಮತ್ತು 750 ಬಂದರೆ, ಅನೇಕ ಕಾಲೇಜುಗಳು 740ನ್ನೂ 760ನ್ನೂ ಕೂಡಿಸಿ 1500 ಎಂದೇ ಲೆಕ್ಕ ಹಿಡಿಯುತ್ತವೆ. ಇದು ಸೂಪರ್‌ಸ್ಕೋರ್. ಎಂಐಟಿ ಹೀಗೆ ಮಾಡುತ್ತದೆ. ಜಾರ್ಜ್‌ಟೌನ್‌ನಂಥ ಕೆಲವು ಕಡೆ ಬರೆದ ಎಲ್ಲ ಪರೀಕ್ಷೆಗಳ ಅಂಕವನ್ನೂ ಕೇಳುತ್ತಾರೆ, ಆದ್ದರಿಂದ ಕಾಲೇಜಿನ ನಿಯಮ ಓದಿಕೊಂಡೇ ಹೊರಡಬೇಕು.

ಬಿಟ್ಟ ಪರೀಕ್ಷೆಯನ್ನು ಮತ್ತೆ ಹಿಡಿದದ್ದು ಏಕೆ

ಎಂಐಟಿಯ ಕಾರಣ ಸರಳ. ಅಲ್ಲಿ ಯಾವ ವಿಷಯದ ವಿದ್ಯಾರ್ಥಿಯೇ ಆಗಲಿ, ಎರಡು ಸೆಮಿಸ್ಟರ್ ಕ್ಯಾಲ್ಕುಲಸ್, ಎರಡು ಸೆಮಿಸ್ಟರ್ ಕ್ಯಾಲ್ಕುಲಸ್ ಆಧಾರಿತ ಭೌತಶಾಸ್ತ್ರ ಪಾಸಾಗಲೇಬೇಕು. ಗಣಿತದಲ್ಲಿ ಯಾರ ಅಡಿಪಾಯ ಗಟ್ಟಿ ಎಂದು ತಿಳಿಯಲು ಶಾಲೆಯ ಅಂಕಪಟ್ಟಿಯ ಜೊತೆಗೆ ಸ್ಯಾಟ್ ಇದ್ದರೆ ಅನುಕೂಲ ಎಂದು ಅವರ ಪ್ರವೇಶ ವಿಭಾಗ ವಿವರಿಸಿತು.

ಡಾರ್ಟ್ಮತ್‌ನ ಕಾರಣ ಹೆಚ್ಚು ಕುತೂಹಲದ್ದು. ಅಲ್ಲಿನ ನಾಲ್ವರು ಪ್ರಾಧ್ಯಾಪಕರು ತಮ್ಮದೇ ಕಾಲೇಜಿನ ದಾಖಲೆ ತೆಗೆದು ನೋಡಿದರು. ಬಡ ಹಿನ್ನೆಲೆಯ, ಅನುಕೂಲ ಕಡಿಮೆ ಇರುವ ಶಾಲೆಗಳ ಕೆಲವು ಮಕ್ಕಳು 1400ರ ಆಸುಪಾಸಿನ ಅಂಕವನ್ನು, ಇದು ಡಾರ್ಟ್ಮತ್‌ಗೆ ಸಾಲದು ಎಂದುಕೊಂಡು ಕಳಿಸಿರಲೇ ಇಲ್ಲ. ಕಳಿಸಿದ್ದರೆ ಅವರಿಗೆ ಪ್ರವೇಶ ಸಿಗುವ ಸಾಧ್ಯತೆ ಏರುತ್ತಿತ್ತು, ಏಕೆಂದರೆ ಕಾಲೇಜು ಆ ಅಂಕವನ್ನು ಆ ಶಾಲೆಯ ಸರಾಸರಿಯ ಪಕ್ಕದಲ್ಲಿಟ್ಟು ಓದುತ್ತದೆ. ಸುತ್ತಲಿನವರೆಲ್ಲ 1000 ತೆಗೆಯುವ ಕಡೆ ಒಬ್ಬಳು 1400 ತೆಗೆದರೆ ಅದು ಎದ್ದು ಕಾಣುವ ಅಂಕ. ಅವಳಿಗೆ ನೆರವಾಗಲೆಂದು ತಂದ ಐಚ್ಛಿಕ ನಿಯಮವೇ ಅವಳಿಗೆ ಅಡ್ಡಬಂದಿತ್ತು.

ವಾದದ ಇನ್ನೊಂದು ಬದಿಯೂ ಗಟ್ಟಿಯಾಗಿಯೇ ಇದೆ. ಕುಟುಂಬದ ಆದಾಯ ಏರಿದಂತೆ ಸರಾಸರಿ ಸ್ಯಾಟ್ ಅಂಕವೂ ಏರುತ್ತದೆ. ಕೋಚಿಂಗ್, ಒಳ್ಳೆಯ ಶಾಲೆ, ಮತ್ತೆ ಮತ್ತೆ ಬರೆಯುವ ಅವಕಾಶ ಎಲ್ಲಕ್ಕೂ ಹಣ ಬೇಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಪರೀಕ್ಷೆಯನ್ನು ಕೈಬಿಡುವ ಮುನ್ನ ನಡೆದ ಚರ್ಚೆಯ ತಿರುಳು ಇದೇ. ಆದರೆ ಪ್ರಬಂಧ, ಪಠ್ಯೇತರ ಚಟುವಟಿಕೆಗಳಿಗೂ ಹಣ ಬೇಕಲ್ಲವೇ? ಅರ್ಥಶಾಸ್ತ್ರಜ್ಞರಾದ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದೇ ಅಂಕ ಪಡೆದ ಮಕ್ಕಳಲ್ಲಿ ಅತಿ ಶ್ರೀಮಂತ ಶೇ 1ರಷ್ಟು ಕುಟುಂಬದವರು ಹಾರ್ವರ್ಡ್, ಯೇಲ್‌ನಂಥ ಹನ್ನೆರಡು ಕಾಲೇಜುಗಳನ್ನು ಸೇರುವ ಸಾಧ್ಯತೆ ಮಧ್ಯಮ ವರ್ಗದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಆದ್ಯತೆ, ಕ್ರೀಡಾ ಆಯ್ಕೆ, ಓದಿಗೆ ಹೊರತಾದ ದರ್ಜೆಗಳು ಇದರ ಹಿಂದಿದ್ದವು.

ಪ್ರಕಟಿತ ಅಂಕಗಳನ್ನು ಓದುವ ಬಗೆ

ಕಾಲೇಜುಗಳು ಕಟ್‌ಆಫ್ ಹೇಳುವುದಿಲ್ಲ. ಅವು ಹೇಳುವುದು ಒಂದು ವ್ಯಾಪ್ತಿಯನ್ನು. ಒಂದು ಕಾಲೇಜಿನ ವ್ಯಾಪ್ತಿ 1440ರಿಂದ 1540 ಎಂದಿದ್ದರೆ, ಅಲ್ಲಿ ಸೇರಿ ಅಂಕ ಕೊಟ್ಟವರಲ್ಲಿ ಕಾಲು ಭಾಗ 1440ಕ್ಕಿಂತ ಕೆಳಗೆ, ಕಾಲು ಭಾಗ 1540ಕ್ಕಿಂತ ಮೇಲೆ, ಉಳಿದ ಅರ್ಧ ನಡುವೆ ಎಂದು ಅರ್ಥ. 1440 ಕನಿಷ್ಠ ಅಂಕವಲ್ಲ. ಕೆಳಗಿನ ಕಾಲು ಭಾಗದಲ್ಲೂ ಜನರಿದ್ದಾರೆ. ಅವರಲ್ಲಿ ಕಾಲೇಜಿನ ತಂಡಕ್ಕೆ ಆರಿಸಿದ ಕ್ರೀಡಾಪಟುಗಳು, ಬಹಳ ಕಷ್ಟದ ಹಿನ್ನೆಲೆಯಿಂದ ಬಂದವರು ಹೆಚ್ಚಿರುತ್ತಾರೆ. ಬೆಂಗಳೂರಿನ ದುಬಾರಿ ಶಾಲೆಯೊಂದರ ವಿದ್ಯಾರ್ಥಿ ತನ್ನನ್ನು ಆ ಕಾಲು ಭಾಗದಲ್ಲಿಟ್ಟು ನೋಡಿಕೊಳ್ಳುವುದು ಅಷ್ಟು ಸರಿಯಾಗುವುದಿಲ್ಲ.

ಪರೀಕ್ಷೆ ಐಚ್ಛಿಕವಾಗಿರುವ ಕಡೆ ಈ ವ್ಯಾಪ್ತಿ ಕಣ್ಣಿಗೆ ಮಣ್ಣೆರಚುತ್ತದೆ. ಒಳ್ಳೆಯ ಅಂಕ ಬಂದವರು ಮಾತ್ರ ಕಳಿಸುತ್ತಾರೆ, ಹಾಗಾಗಿ ಪ್ರಕಟವಾಗುವ ಅಂಕಿ ಏರುತ್ತದೆ. ಅದನ್ನು ನೋಡಿದ ಮುಂದಿನ ವರ್ಷದವರು ಇನ್ನೂ ಹೆದರಿ ತಮ್ಮ ಅಂಕ ಮುಚ್ಚಿಡುತ್ತಾರೆ, ಅಂಕಿ ಮತ್ತೂ ಏರುತ್ತದೆ. ಸೇರಿದವರಲ್ಲಿ ಎಷ್ಟು ಮಂದಿ ಅಂಕ ಕೊಟ್ಟಿದ್ದರು ಎಂದು ಪಕ್ಕದಲ್ಲೇ ನೋಡದಿದ್ದರೆ ವ್ಯಾಪ್ತಿಗೆ ಅರ್ಥವಿಲ್ಲ. ಈ ವಿವರ ಸಿಗುವ ಜಾಗ ಕಾಮನ್ ಡೇಟಾ ಸೆಟ್ ಎಂಬ ವಾರ್ಷಿಕ ದಾಖಲೆ. ಹೆಚ್ಚಿನ ಕಾಲೇಜುಗಳು ಇದನ್ನು ತಮ್ಮ ಜಾಲತಾಣದಲ್ಲಿ ಉಚಿತವಾಗಿ ಹಾಕುತ್ತವೆ. ಅದರ ಸಿ9 ವಿಭಾಗದಲ್ಲಿ ಅಂಕಗಳ ವ್ಯಾಪ್ತಿಯೂ ಅಂಕ ಕೊಟ್ಟವರ ಪ್ರಮಾಣವೂ ಇರುತ್ತವೆ. ಲಕ್ಷಗಟ್ಟಲೆ ಶುಲ್ಕ ಪಡೆಯುವ ಸಲಹೆಗಾರರು ಹೇಳುವುದರಲ್ಲಿ ಒಂದು ದೊಡ್ಡ ಪಾಲು ಈ ದಾಖಲೆಯಲ್ಲೇ ಇದೆ.

ಐಚ್ಛಿಕ ಕಾಲೇಜಿಗೆ ಅಂಕ ಕಳಿಸಬೇಕೇ ಬೇಡವೇ? ವ್ಯಾಪ್ತಿಯ ನಡುವಿನ ಅಂಕಿಯಷ್ಟು ಅಥವಾ ಅದಕ್ಕಿಂತ ಮೇಲಿದ್ದರೆ ಯೋಚನೆಯೇ ಬೇಡ, ಕಳಿಸಬೇಕು. ಅದಕ್ಕಿಂತ ಕೆಳಗಿದ್ದರೆ ಶಾಲೆಯ ಹಿನ್ನೆಲೆ ನೋಡಿ ತೀರ್ಮಾನಿಸಬೇಕು.

ಪಿಯುಸಿ ವಿದ್ಯಾರ್ಥಿಯ ಕಡತ

ಇಲ್ಲಿ ಕರ್ನಾಟಕದ ಮಕ್ಕಳ ವಿಷಯ ಸ್ವಲ್ಪ ಬೇರೆ. ಅಮೆರಿಕದ ಕಾಲೇಜು ಕೇಳುವ ನಾಲ್ಕು ವರ್ಷದ ದಾಖಲೆಯಲ್ಲಿ ನಮ್ಮವರಿಗೆ ಎರಡು ವರ್ಷ ಪ್ರೌಢಶಾಲೆಯಲ್ಲಿ, ಎರಡು ವರ್ಷ ಪಿಯು ಕಾಲೇಜಿನಲ್ಲಿ. ಅರ್ಜಿ ಹಾಕುವ ಹೊತ್ತಿಗೆ ದ್ವಿತೀಯ ಪಿಯುಸಿ ಫಲಿತಾಂಶ ಬಂದಿರುವುದಿಲ್ಲ, ಕಾಲೇಜಿನವರು ಎಷ್ಟು ಅಂಕ ಬರಬಹುದೆಂದು ಅಂದಾಜಿಸಿ ಪತ್ರ ಕೊಡಬೇಕು. ಶಾಲೆಯ ಪರಿಚಯ ಪತ್ರ, ಶಾಲೆಯ ಸಲಹೆಗಾರರ ಶಿಫಾರಸು ಬೇಕು. ಅಂತರರಾಷ್ಟ್ರೀಯ ಶಾಲೆಗಳಲ್ಲಿ ಇದಕ್ಕೆಂದೇ ಕಚೇರಿ ಇರುತ್ತದೆ. ಸಾಮಾನ್ಯ ಪಿಯು ಕಾಲೇಜಿನಲ್ಲಿ ಈ ಎಲ್ಲ ಕೆಲಸ ಪ್ರಾಂಶುಪಾಲರ ಅಥವಾ ಒಬ್ಬ ಉಪನ್ಯಾಸಕರ ಹೆಗಲಿಗೆ ಬೀಳುತ್ತದೆ. ಅವರು ಇಂಥ ಪತ್ರವನ್ನು ಮೊದಲ ಸಲ ಬರೆಯುತ್ತಿರಲೂಬಹುದು.

ಓಹಿಯೋದಲ್ಲಿ ಕೂತು ಕಡತ ಓದುವ ಅಧಿಕಾರಿಗೆ ಪಿಯುಸಿಯ 94 ಶೇಕಡ ಎಂದರೆ ಎಷ್ಟು ದೊಡ್ಡದು ಎಂದು ತಟ್ಟನೆ ಹೊಳೆಯದೇ ಇರಬಹುದು. ಅಲ್ಲಿ ಸ್ಯಾಟ್ ಅಂಕ ಕೆಲಸಕ್ಕೆ ಬರುತ್ತದೆ, ಅವರಿಗೆ ಗೊತ್ತಿರುವ ಅಳತೆಗೋಲು ಅದು. ಹೆಸರು ಕೇಳಿರದ ಕಾಲೇಜಿನಿಂದ ಅರ್ಜಿ ಹಾಕುವ ವಿದ್ಯಾರ್ಥಿಗೆ, ಪರೀಕ್ಷೆ ಐಚ್ಛಿಕ ಎಂದಿದ್ದರೂ, ಒಳ್ಳೆಯ ಅಂಕವಿದ್ದರೆ ಕಳಿಸುವುದು ಲಾಭ ಎಂಬುದು ನನ್ನ ತಿಳಿವಳಿಕೆ. ಇಂಗ್ಲಿಷ್ ಪರೀಕ್ಷೆ (ಟೋಫೆಲ್, ಐಇಎಲ್‌ಟಿಎಸ್, ಡುಯೋಲಿಂಗೋ) ಬೇರೆಯದೇ ಲೆಕ್ಕ. ಅದು ಸ್ಯಾಟ್‌ಗೆ ಬದಲಿ ಅಲ್ಲ.

ಕರೆದವರೆಲ್ಲ ಬರುವುದಿಲ್ಲ

ಈಗ ಆಸಕ್ತಿಯ ಮಾತು. ಅದಕ್ಕೆ ಕಾಲೇಜಿನ ಕಷ್ಟವನ್ನು ಅವರ ಕಡೆಯಿಂದ ನೋಡಬೇಕು. ಛತ್ರದಲ್ಲಿ ಮದುವೆ. ಸಾವಿರ ಮನೆಗೆ ಲಗ್ನಪತ್ರಿಕೆ ಹೋಗಿದೆ. ಅಡುಗೆಯವರು ಕೇಳುವುದು ಒಂದೇ: ಎಷ್ಟು ಎಲೆ? ಹೆಚ್ಚು ಹೇಳಿದರೆ ಅನ್ನ ಹಾಳು, ಕಡಿಮೆ ಹೇಳಿದರೆ ಮರ್ಯಾದೆ ಹಾಳು. ಹಾಗಾಗಿ ಮನೆಯ ಹಿರಿಯರು ಪಟ್ಟಿ ಹಿಡಿದು ಕೂರುತ್ತಾರೆ. ಇವರು ಎಂದೂ ತಪ್ಪಿಸುವವರಲ್ಲ, ಇವರು ಫೋನ್ ಮಾಡಿ ದಿನ ಕೇಳಿದ್ದಾರೆ, ಆ ದೊಡ್ಡ ಮನುಷ್ಯರಿಗೆ ಅದೇ ದಿನ ಇನ್ನೂ ನಾಲ್ಕು ಮದುವೆ, ಬಂದರೆ ಬಂದಾರು.

ಕಾಲೇಜು ಇಷ್ಟನ್ನೇ ಮಾಡುತ್ತದೆ. ಕರೆದವರಲ್ಲಿ ನಿಜವಾಗಿ ಸೇರುವವರ ಪ್ರಮಾಣಕ್ಕೆ ಯೀಲ್ಡ್ ಎನ್ನುತ್ತಾರೆ. ಹಾರ್ವರ್ಡ್‌ಗೆ ಅದು ನೂರಕ್ಕೆ ಎಂಬತ್ತಕ್ಕೂ ಮೇಲೆ, ಅವರಿಗೆ ಚಿಂತೆಯಿಲ್ಲ. ಒಳ್ಳೆಯ ಹೆಸರಿರುವ ಎಷ್ಟೋ ಖಾಸಗಿ ಕಾಲೇಜುಗಳಿಗೆ ಅದು ಮೂವತ್ತರ ಆಸುಪಾಸು ಅಥವಾ ಅದಕ್ಕೂ ಕೆಳಗೆ. ಸಾವಿರ ಜನ ಬೇಕಾದರೆ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಕರೆಯಬೇಕು, ಅಂದಾಜು ತಪ್ಪಿದರೆ ಬೋಧನಾ ಶುಲ್ಕದಿಂದಲೇ ನಡೆಯುವ ಕಾಲೇಜಿನ ಬಜೆಟ್ಟು ಅಲುಗಾಡುತ್ತದೆ. ಅಂದಾಜು ಮೇಲಕ್ಕೆ ತಪ್ಪಿದರೂ ಪೀಕಲಾಟ. 2017ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್‌ಗೆ ಅಂದುಕೊಂಡದ್ದಕ್ಕಿಂತ ಸುಮಾರು 850 ವಿದ್ಯಾರ್ಥಿಗಳು ಹೆಚ್ಚಾಗಿ ಬರಲು ಒಪ್ಪಿದರು. ದಾಖಲೆ ತಡವಾಯಿತು, ಕೊನೆಯ ವರ್ಷದ ಅಂಕ ಕಡಿಮೆಯಾಯಿತು ಎಂಬ ಕಾರಣ ಕೊಟ್ಟು ಸುಮಾರು 500 ಮಂದಿಯ ಪ್ರವೇಶವನ್ನು ಹಿಂದಕ್ಕೆ ಪಡೆದರು. ದೇಶವೆಲ್ಲ ಗದ್ದಲವಾಯಿತು, ಚಾನ್ಸಲರ್ ಕ್ಷಮೆ ಕೇಳಿ ಬಹಳಷ್ಟು ಜನರನ್ನು ಮತ್ತೆ ಸೇರಿಸಿಕೊಳ್ಳಬೇಕಾಯಿತು.

ಆಸಕ್ತಿಯನ್ನು ಎಣಿಸುವುದು ಹೇಗೆ

ಡೆಮಾನ್‌ಸ್ಟ್ರೇಟೆಡ್ ಇಂಟರೆಸ್ಟ್ ಎಂದು ಅವರು ಕರೆಯುವುದು, ನೀವು ಈ ಕಾಲೇಜಿಗೆ ನಿಜಕ್ಕೂ ಬರುವವರು ಎಂದು ತೋರಿಸುವ ಗುರುತುಗಳನ್ನು. ಕ್ಯಾಂಪಸ್ ನೋಡಲು ಹೋದದ್ದು, ಆನ್‌ಲೈನ್ ಮಾಹಿತಿ ಸಭೆಗೆ ಹೆಸರು ಕೊಟ್ಟು ಹಾಜರಾದದ್ದು, ಊರಿಗೆ ಬಂದ ಕಾಲೇಜಿನ ಪ್ರತಿನಿಧಿಯನ್ನು ಕಂಡದ್ದು, ಸಂದರ್ಶನ ಕೊಟ್ಟದ್ದು. ಅನೇಕ ಕಾಲೇಜುಗಳು ಸ್ಲೇಟ್ ಎಂಬ ತಂತ್ರಾಂಶ ಬಳಸುತ್ತವೆ. ಯಾರು ಯಾವ ಇ-ಮೇಲ್ ತೆರೆದರು, ಯಾವ ಕೊಂಡಿ ಒತ್ತಿದರು ಎಂಬುದು ಅದರಲ್ಲಿ ದಾಖಲಾಗಬಲ್ಲದು. ಆದ್ದರಿಂದ ಆ ಅಂತೆಕಂತೆ ಪೂರ್ತಿ ಸುಳ್ಳಲ್ಲ. ಅರ್ಜಿಗೆ ಕೊಟ್ಟ ಇ-ಮೇಲ್ ವಿಳಾಸವನ್ನೇ ಎಲ್ಲ ಕಡೆಯೂ ಕೊಡುವುದು ಒಳ್ಳೆಯದು. ಅಪ್ಪನ ವಿಳಾಸದಿಂದ ಸಭೆಗೆ ನೋಂದಾಯಿಸಿದರೆ ಹಾಜರಿ ಅಪ್ಪನ ಹೆಸರಿಗೆ ಬೀಳುತ್ತದೆ.

ಆದರೆ ಎಲ್ಲ ಕಾಲೇಜುಗಳೂ ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾರ್ವರ್ಡ್, ಯೇಲ್, ಸ್ಟ್ಯಾನ್‌ಫರ್ಡ್, ಎಂಐಟಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಇದನ್ನು ಪರಿಗಣಿಸುವುದಿಲ್ಲ ಎಂದು ಹೇಳುತ್ತವೆ. ಅಲ್ಲಿಗೆ ವಾರಕ್ಕೊಂದು ಪತ್ರ ಬರೆಯುವುದು ದಂಡದ ಕೆಲಸ. ಆಸಕ್ತಿಗೆ ಬೆಲೆ ಇರುವುದು ಹೆಚ್ಚಾಗಿ ಆ ಸಾಲಿನ ಕೆಳಗಿನ, ಮಧ್ಯಮ ಗಾತ್ರದ ಖಾಸಗಿ ಕಾಲೇಜುಗಳಲ್ಲಿ. ಊಹೆಯ ಅಗತ್ಯವಿಲ್ಲ: ಅದೇ ಕಾಮನ್ ಡೇಟಾ ಸೆಟ್‌ನ ಸಿ7 ವಿಭಾಗದಲ್ಲಿ ಅರ್ಜಿದಾರರ ಆಸಕ್ತಿ ಎಂಬ ಸಾಲಿದೆ. ಅದರ ಎದುರು ಬಹಳ ಮುಖ್ಯ, ಮುಖ್ಯ, ಪರಿಗಣಿಸುತ್ತೇವೆ, ಪರಿಗಣಿಸುವುದಿಲ್ಲ ಎಂಬ ನಾಲ್ಕು ಆಯ್ಕೆಗಳಲ್ಲಿ ಒಂದಕ್ಕೆ ಕಾಲೇಜು ಗುರುತು ಹಾಕಿರುತ್ತದೆ. ಪರೀಕ್ಷೆಯ ಅಂಕಕ್ಕೂ ಅಲ್ಲೇ ಒಂದು ಸಾಲು.

ಅಂಕವೂ ಆಸಕ್ತಿಯೂ ಒಂದನ್ನೊಂದು ತಾಗುವ ಜಾಗವೂ ಇದೇ. ಲೀಹೈ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರಿದ್ದ ತಂಡವೊಂದು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲೇಜಿಗೆ ಖುದ್ದಾಗಿ ಹೋಗಿ ಬಂದವರಿಗೆ ಪ್ರವೇಶದ ಸಾಧ್ಯತೆ ಹೆಚ್ಚಿತ್ತು, ಮತ್ತು ಈ ಲಾಭ ಸ್ಯಾಟ್ ಅಂಕ ಹೆಚ್ಚಿದ್ದವರಿಗೇ ಜಾಸ್ತಿಯಾಗಿತ್ತು. ಮೊದಲು ಕೇಳಿದಾಗ ತಲೆಕೆಳಗು ಎನ್ನಿಸುತ್ತದೆ. ಆದರೆ 1560 ಅಂಕದ ಹುಡುಗ ಎರಡನೇ ಸಾಲಿನ ಕಾಲೇಜಿಗೆ ಅರ್ಜಿ ಹಾಕಿ ಸುಮ್ಮನಿದ್ದರೆ, ಕಾಲೇಜಿಗೆ ಅವನು ನಾಲ್ಕು ಮದುವೆಯ ದೊಡ್ಡ ಮನುಷ್ಯನ ಹಾಗೆ ಕಾಣುತ್ತಾನೆ. ಕೈಯಲ್ಲಿ ಇನ್ನೂ ಒಳ್ಳೆಯ ಕರೆ ಇರುವವನು ಇಲ್ಲಿಗೇಕೆ ಬಂದಾನು ಎಂಬ ಅನುಮಾನ. ಭದ್ರವಾದ ಆಯ್ಕೆ ಎಂದು ಮನೆಯವರೆಲ್ಲ ನಂಬಿದ್ದ ಕಾಲೇಜಿನಿಂದಲೇ ಅವನಿಗೆ ವೇಟ್‌ಲಿಸ್ಟ್ ಪತ್ರ ಬಂದರೆ ಈ ಅನುಮಾನವೂ ಒಂದು ಕಾರಣವಿರಬಹುದು.

ವಿಮಾನದ ಟಿಕೆಟ್ ಕೊಂಡು ಕ್ಯಾಂಪಸ್ ನೋಡಿ ಬರಬಲ್ಲವರಿಗೆ ಇದರಿಂದ ಅನ್ಯಾಯದ ಲಾಭ ಎಂಬ ಟೀಕೆ ಹಳೆಯದು. ಬೆಂಗಳೂರಿನ ಹುಡುಗಿ ಬರಲಿಲ್ಲ ಎಂದು ಯಾರೂ ಅಂಕ ಕಳೆಯುವುದಿಲ್ಲ, ದೂರದವರಿಂದ ಭೇಟಿಯನ್ನು ನಿರೀಕ್ಷಿಸುವುದೂ ಇಲ್ಲ. ದಕ್ಷಿಣ ಏಷ್ಯಾ ನೋಡಿಕೊಳ್ಳುವ ಪ್ರವೇಶ ಅಧಿಕಾರಿಗಳು ಬೆಂಗಳೂರಿನ ಮೇಳಗಳಿಗೆ, ಶಾಲೆಗಳಿಗೆ ಬರುತ್ತಾರೆ, ಹೆಚ್ಚಾಗಿ ಅವರೇ ಇಲ್ಲಿನ ಅರ್ಜಿಗಳ ಮೊದಲ ಓದುಗರು. ಅವರನ್ನು ಕಂಡು ಜಾಲತಾಣದಲ್ಲಿ ಉತ್ತರವಿಲ್ಲದ ಒಂದು ಪ್ರಶ್ನೆ ಕೇಳಿದರೆ ಸಾಕು. ಆ ಪ್ರಶ್ನೆಯನ್ನು ಮಗಳೇ ಕೇಳಬೇಕು, ತಾಯಿ ತಂದೆ ಅಲ್ಲ.

ಎಲ್ಲಕ್ಕಿಂತ ತೂಕದ ಗುರುತು, ಆಸಕ್ತಿಯನ್ನು ಎಣಿಸುವುದಿಲ್ಲ ಎನ್ನುವ ಕಾಲೇಜುಗಳೂ ಓದುವ ಗುರುತು, ನಮ್ಮ ಕಾಲೇಜೇ ಏಕೆ ಎಂಬ ಪ್ರಬಂಧ. ಒಳ್ಳೆಯ ಪ್ರಾಧ್ಯಾಪಕರು, ಸುಂದರ ಕ್ಯಾಂಪಸ್, ಜಗತ್ಪ್ರಸಿದ್ಧ ಎಂದು ಬರೆದದ್ದರಲ್ಲಿ ಕಾಲೇಜಿನ ಹೆಸರು ಬದಲಾಯಿಸಿದರೂ ಪ್ರಬಂಧ ಹಾಗೇ ನಿಲ್ಲುತ್ತದೆ. ಓದುವವರಿಗೂ ಅದು ತಿಳಿಯುತ್ತದೆ. ಮಣ್ಣಿನ ತೇವಾಂಶ ಅಳೆಯುವ ಸಾಧನವೊಂದನ್ನು ತುಮಕೂರಿನ ಅಡಿಕೆ ತೋಟದಲ್ಲಿ ಮಾಡಿ ನೋಡಿದ ವಿದ್ಯಾರ್ಥಿ, ಆ ಕಾಲೇಜಿನ ಯಾವ ಕೋರ್ಸು, ಯಾವ ಪ್ರಯೋಗಾಲಯ ತನ್ನ ಮುಂದಿನ ಹೆಜ್ಜೆಗೆ ಬೇಕು ಎಂದು ಬರೆದರೆ ಅದನ್ನು ಬೇರೆ ಕಾಲೇಜಿಗೆ ಅಂಟಿಸಲಾಗುವುದಿಲ್ಲ.

ಮಾತು ಕೊಡುವ ಅರ್ಜಿ

ಆಸಕ್ತಿಯ ಕೊನೆಯ ಮೆಟ್ಟಿಲು ಅರ್ಲಿ ಡಿಸಿಷನ್. ನವೆಂಬರ್ ಮೊದಲ ಅರ್ಧದಲ್ಲಿ ಒಂದೇ ಕಾಲೇಜಿಗೆ ಹೀಗೆ ಅರ್ಜಿ ಹಾಕಬಹುದು, ಕರೆ ಬಂದರೆ ಸೇರಲೇಬೇಕು, ಉಳಿದ ಅರ್ಜಿಗಳನ್ನು ವಾಪಸು ಪಡೆಯಬೇಕು. ವಿದ್ಯಾರ್ಥಿ, ಪೋಷಕ, ಶಾಲೆ ಮೂವರೂ ಸಹಿ ಹಾಕುತ್ತಾರೆ. ಉತ್ತರ ಡಿಸೆಂಬರ್ ಮಧ್ಯಕ್ಕೆ. ಕಾಲೇಜಿಗೆ ಇಲ್ಲಿ ಎಲೆಯ ಲೆಕ್ಕ ಖಚಿತ, ಹಾಗಾಗಿ ಕೆಲವು ಕಾಲೇಜುಗಳು ಅರ್ಧದಷ್ಟು ಸೀಟುಗಳನ್ನು ಈ ಸುತ್ತಿನಲ್ಲೇ ತುಂಬಿಬಿಡುತ್ತವೆ. ಅರ್ಲಿ ಆಕ್ಷನ್ ಎಂಬುದು ಬೇರೆ, ಅದರಲ್ಲಿ ಬೇಗ ಉತ್ತರ ಸಿಗುತ್ತದೆ, ಕಟ್ಟುಪಾಡಿಲ್ಲ.

ಅರ್ಲಿ ಡಿಸಿಷನ್‌ನಲ್ಲಿ ಆಯ್ಕೆಯಾಗುವ ಪ್ರಮಾಣ ಹೆಚ್ಚು ಎಂಬುದು ನಿಜ. ಆ ಅಂಕಿಯಲ್ಲಿ ಮೊದಲೇ ಗೊತ್ತುಮಾಡಿದ ಕ್ರೀಡಾಪಟುಗಳೂ ಹಳೆಯ ವಿದ್ಯಾರ್ಥಿಗಳ ಮಕ್ಕಳೂ ಸೇರಿರುವುದರಿಂದ ಸಾಮಾನ್ಯ ಅರ್ಜಿದಾರರಿಗೆ ಸಿಗುವ ಲಾಭ ಕಾಣುವುದಕ್ಕಿಂತ ಕಡಿಮೆ. ಇನ್ನೂ ಮುಖ್ಯ ವಿಷಯ ಹಣ. ಬೇರೆ ಕಾಲೇಜುಗಳ ನೆರವಿನ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವ ಅವಕಾಶ ಇದರಲ್ಲಿ ಹೋಗುತ್ತದೆ. ಕೊಟ್ಟ ನೆರವು ಸಾಲದಿದ್ದರೆ ಬಿಡುಗಡೆ ಕೇಳಬಹುದು, ಆದರೆ ಆ ಭರವಸೆಯ ಮೇಲೆ ಸಹಿ ಹಾಕಬಾರದು.

ಭಾರತದಿಂದ ಅರ್ಜಿ ಹಾಕುವವರಿಗೆ ಹಣದ ವಿಷಯ ಅಂಕ, ಆಸಕ್ತಿ ಎರಡನ್ನೂ ಹಿಂದಿಕ್ಕಬಹುದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್ಮತ್‌ನಂಥ ಕೆಲವೇ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗೆ ಎಷ್ಟು ನೆರವು ಬೇಕು ಎಂಬುದನ್ನು ಪ್ರವೇಶ ತೀರ್ಮಾನದಲ್ಲಿ ನೋಡುವುದಿಲ್ಲ. ಉಳಿದ ಬಹುಪಾಲು ಕಾಲೇಜುಗಳು ನೋಡುತ್ತವೆ. ಪೂರ್ತಿ ನೆರವು ಕೇಳುವ ವಿದೇಶಿ ಅರ್ಜಿಗೆ ಅಲ್ಲಿ ಪೈಪೋಟಿ ಬೇರೆಯೇ. ನ್ಯೂಜೆರ್ಸಿಯಲ್ಲಿ ಹುಟ್ಟಿದ ಕನ್ನಡದ ಹುಡುಗನಿಗೂ ಹಾಸನದ ಅವನ ಚಿಕ್ಕಪ್ಪನ ಮಗನಿಗೂ ಒಂದೇ ಅಂಕ ಬಂದು ಫಲಿತಾಂಶ ಬೇರೆಯಾದರೆ ಕಾರಣ ಇಲ್ಲಿರಬಹುದು.

ವೇಟ್‌ಲಿಸ್ಟ್‌ನಲ್ಲಿ ಉಳಿದವರು

ಸಾಮಾನ್ಯ ಸುತ್ತಿನ ಅರ್ಜಿ ಜನವರಿ ಆರಂಭಕ್ಕೆ, ಉತ್ತರ ಮಾರ್ಚ್ ಕೊನೆಗೆ, ಸೇರುವವರು ಮುಂಗಡ ಕಟ್ಟಬೇಕಾದ ದಿನ ಸಾಮಾನ್ಯವಾಗಿ ಮೇ 1. ಅಂದು ಕಾಲೇಜಿಗೆ ತನ್ನ ಅಂದಾಜು ಎಷ್ಟು ತಪ್ಪಿತು ಎಂದು ತಿಳಿಯುತ್ತದೆ. ಜಾಗ ಉಳಿದಿದ್ದರೆ ವೇಟ್‌ಲಿಸ್ಟ್ ತೆರೆಯುತ್ತಾರೆ. ಆಸಕ್ತಿಗೆ ಅತಿ ಹೆಚ್ಚು ಬೆಲೆ ಬರುವ ಹೊತ್ತು ಇದು, ಏಕೆಂದರೆ ಈಗ ಕಾಲೇಜಿಗೆ ಬೇಕಿರುವುದು ಕರೆದ ಕೂಡಲೇ ಹೂಂ ಎನ್ನುವವರು. ವೇಟ್‌ಲಿಸ್ಟ್‌ನಲ್ಲಿ ಇರಲು ಒಪ್ಪಿಗೆ ಎಂದು ಮೊದಲು ತಿಳಿಸಬೇಕು, ಅನೇಕರು ಇದನ್ನೇ ಮರೆಯುತ್ತಾರೆ. ಪತ್ರ ಬೇಡ ಎಂದು ಕಾಲೇಜು ಹೇಳಿಲ್ಲದಿದ್ದರೆ ಒಂದೇ ಒಂದು ಪುಟದ ಪತ್ರ ಬರೆಯಬಹುದು: ಜನವರಿಯಿಂದೀಚೆಗೆ ಏನು ಹೊಸತು, ಕರೆದರೆ ಖಂಡಿತ ಬರುತ್ತೇನೆ ಎಂಬ ಮಾತು. ಆ ಮಾತು ನಿಜವಾಗಿದ್ದರೆ ಮಾತ್ರ. ದ್ವಿತೀಯ ಪಿಯುಸಿ ಫಲಿತಾಂಶ ಸಾಮಾನ್ಯವಾಗಿ ಆ ಹೊತ್ತಿಗೆ ಬಂದಿರುತ್ತದೆ, ಚೆನ್ನಾಗಿದ್ದರೆ ಅದನ್ನೂ ಸೇರಿಸಬಹುದು.

ಈ ನಡುವೆ ಮೇ 1ರೊಳಗೆ ಕೈಯಲ್ಲಿರುವ ಇನ್ನೊಂದು ಕಾಲೇಜಿಗೆ ಮುಂಗಡ ಕಟ್ಟಿ ಸೀಟು ಉಳಿಸಿಕೊಳ್ಳಲೇಬೇಕು. ವೇಟ್‌ಲಿಸ್ಟ್‌ನಿಂದ ಕರೆ ಬರುವುದು ಮೇ, ಜೂನ್, ಕೆಲವೊಮ್ಮೆ ಜುಲೈ. ಆಮೇಲೆ ಕಾಲೇಜು ವೀಸಾಕ್ಕೆ ಬೇಕಾದ ಐ-20 ಪತ್ರ ಕಳಿಸಬೇಕು, ಅದು ಕೈಗೆ ಬಂದ ಮೇಲೆ ಎಫ್-1 (ವಿದ್ಯಾರ್ಥಿ) ವೀಸಾ ಸಂದರ್ಶನದ ದಿನ ಹಿಡಿಯಬೇಕು, ತರಗತಿಗಳು ಆಗಸ್ಟ್ ಕೊನೆಗೆ ಶುರು. ಜುಲೈನಲ್ಲಿ ಬರುವ ಕರೆ ಅಮೆರಿಕದಲ್ಲೇ ಇರುವ ವಿದ್ಯಾರ್ಥಿಗೆ ಸಾಕಾದೀತು. ಇಲ್ಲಿಂದ ಹೊರಡುವವರು ಯಾವ ದಿನದವರೆಗೆ ಕಾಯುತ್ತೇವೆ ಎಂದು ಮೊದಲೇ ಗೊತ್ತುಮಾಡಿಕೊಂಡು, ಆ ದಿನ ದಾಟಿದರೆ ವೇಟ್‌ಲಿಸ್ಟ್‌ನಿಂದ ಹೆಸರು ತೆಗೆಯಲು ಕಾಲೇಜಿಗೆ ತಿಳಿಸಬಹುದು.